ಕಾಕಾ ಹೇಳದೆ ಬಿಟ್ಟ ಖಟ್ಕಾ

ನಮ್ಮ ಕಾಕಾನ ಹೊಟ್ಟೆಯಲ್ಲಿ ಇಡೀ ಜನ್ಮದಲ್ಲಿ ಉಳಿದ ಗುಟ್ಟು ಒಂದೇ ಒಂದು. ಅದನ್ನೂ ಕೊನೆಗೆ ಸರ್ಕಾರವೇ ಕೂತು ಹೊರಗೆ ತೆಗೆಯಬೇಕಾಯಿತು! ಮಿಕ್ಕಂತೆ ಅವರ ಬಾಯಿಗೆ ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ, "ಉಪ್ಪಿಟ್ಟು ಭಾಳ ಛಲೋ ಆಗ್ಯದ, ಹುಡುಗಿ ಕೈಗುಣ" ಎಂದು ಆ ಕಡೆಯ ಹಿರಿಯರೊಬ್ಬರು ಹೊಗಳಿದರು. ನನ್ನ ತಂದೆಯ ಒಡಹುಟ್ಟಿದ ತಮ್ಮ ಏನನ್ನಬೇಕು? "ಹುಡುಗಿ ಕೈದಲ್ರಿ ಅದು, ನಮ್ಮಾಕಿ ಕೈದು. ಹುಡುಗಿಗಿ ಇನ್ನಾ ಚಹಾ ಸುದ್ದಾ ಬರಂಗಿಲ್ಲ!" ಅಡಿಗೆಮನೆಯಲ್ಲಿ ನನ್ನ ಅವ್ವ ಹಣೆ ಚಚ್ಚಿಕೊಂಡಳು. ಹಿರಿಯರು ಮಾತ್ರ ಬಿದ್ದು ಬಿದ್ದು ನಕ್ಕು, "ಇಷ್ಟು ಖರೆ ಮಾತಾಡೋ ಮನಿ ಎಲ್ಲಿ ಸಿಗ್ತದ್ರಿ" ಎಂದು ಸಂಬಂಧ ಒಪ್ಪಿಕೊಂಡರು. ಹೀಗೆ ನಾನು ನಾಸಿಕ್‌ಗೆ ಸೊಸೆಯಾಗಿ ಬಂದೆ.

ಕಾಕಾ ಬೀದರ್ ಕಡೆಯಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋಗಿ ನೆಲೆನಿಂತವರು. ಊರಾಚೆ, ಕಾರ್ಖಾನೆಗಳ ಬೆನ್ನಿಗೆ, ಒಂದು ತಗಡಿನ ಶೆಡ್ಡು. ಅದರಲ್ಲಿ ಸಾಗುವಾನಿಯ ದೇವರ ಮಂಟಪಗಳನ್ನು ಮಾಡುತ್ತಾರೆ. ಕೊಯ್ಯುವುದು, ಕೂಡಿಸುವುದು ಕಾಕಾ. ಉಜ್ಜಿ ನುಣುಪು ಮಾಡುವುದು ಅವರ ಹೆಂಡತಿ, ನಮ್ಮ ಕಾಕು. ಈ ಕಾಕಾನಿಗೆ ಮುಚ್ಚಿದ್ದು ಕಂಡರೆ ಆಗದು. ಮಾತಾಗಲಿ ಮಷೀನಾಗಲಿ, ತೆರೆದೇ ಇರಬೇಕು. ಅವರ ಸ್ಕೂಟರಿಗೆ ಪಕ್ಕದ ಹೊದಿಕೆ ಇಲ್ಲ, ರೇಡಿಯೋಕ್ಕೆ ಬೆನ್ನಿಲ್ಲ, ಗೋಡೆ ಗಡಿಯಾರಕ್ಕೆ ಗಾಜಿಲ್ಲ. ನಮ್ಮ ಮನೆಗೆ ಬಂದರೆ ಚಹಾ ಕುದಿಯುವಷ್ಟರಲ್ಲಿ ಮಿಕ್ಸರಿನ ತಳ ಬಿಚ್ಚಿ ಪೇಪರಿನ ಮೇಲೆ ಹರವಿರುತ್ತಾರೆ. ಅದಕ್ಕೇನಾಗಿತ್ತು ಕಾಕಾ ಎಂದರೆ, "ಏನೂ ಆಗಿಲ್ಲ ಮಗಳ. ಒಳಗ ಆರಾಮ ಅದನೋ ಇಲ್ಲೋ ನೋಡ್ದೆ." ಮಿಕ್ಸರಿನ ಯೋಗಕ್ಷೇಮ ವಿಚಾರಿಸುವ ಮನುಷ್ಯನನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಮರ ಉಜ್ಜುವ ವಿದ್ಯುತ್ ಮಷೀನು ನೋಡಿರಬಹುದು. ತಳದಲ್ಲಿ ಒಂದು ದುಂಡು ತಟ್ಟೆ, ಅದಕ್ಕೆ ಪಾಲಿಶ್ ಪೇಪರ್. ಆ ತಟ್ಟೆ ಬರೀ ಗರಗರ ತಿರುಗುವುದಿಲ್ಲ, ತಿರುಗುತ್ತಲೇ ಸಣ್ಣ ಸಣ್ಣ ಪ್ರದಕ್ಷಿಣೆಯನ್ನೂ ಹಾಕುತ್ತದೆ. ಪ್ರದಕ್ಷಿಣೆ ದೊಡ್ಡದಾದರೆ ಮರ ಬೇಗ ಸವೆಯುತ್ತದೆ, ಸಣ್ಣದಾದರೆ ನುಣುಪು ಬರುತ್ತದೆ. ಅದಕ್ಕೇ ಬಡಗಿಗಳು ಎರಡೆರಡು ಮಷೀನು ಇಟ್ಟುಕೊಳ್ಳುತ್ತಾರೆ. ನಮ್ಮ ಕಾಕಾ ಏನು ಮಾಡಿದರೆಂದರೆ, ಒಳಗೆ ಒಂದು ಉಕ್ಕಿನ ಬಳೆ ಕೂಡಿಸಿ, ಅದನ್ನು ತಿರುಗಿಸಿದರೆ ಅದೇ ಮಷೀನು ದೊಡ್ಡ ಸುತ್ತಿನಿಂದ ಸಣ್ಣ ಸುತ್ತಿಗೆ ಬರುವ ಹಾಗೆ ಮಾಡಿದರು. ಬಳೆ ಅಲುಗದಂತೆ ಹಿಡಿಯಲು ಒಂದು ಖಟ್ಕಾ, ಅಂದರೆ ಪುಟ್ಟ ಸ್ಪ್ರಿಂಗಿನ ಚಿಲಕ. ಇಷ್ಟಕ್ಕೆ ಅವರ ಹಲವು ವರ್ಷ ಹೋಯಿತು. ಕಾಕುವಿನ ಎರಡು ಮಿಕ್ಸರೂ ಒಂದು ಹೊಲಿಗೆ ಯಂತ್ರವೂ ಹೋದವು.

ಆ ಮಷೀನು ಸರಿಯಾಗಿ ಓಡಿದ ದಿನ ಕಾಕಾ ಮೊದಲು ಮಾಡಿದ ಕೆಲಸ, ಶೆಡ್ಡಿನ ಗೋಡೆಗೆ ಒಂದು ಮೊಳೆ ಹೊಡೆದದ್ದು. ಯಾಕೆಂದು ಕೇಳಿದವರಿಗೆಲ್ಲ, "ಪೇಟೆಂಟಿನ ಸರ್ಟಿಫಿಕೇಟು ಅಲ್ಲೇ ತೂಗ್ತದ ನೋಡ್ರಿ!" ಅರ್ಜಿಯೇ ಹಾಕಿಲ್ಲ, ಆಗಲೇ ಮೊಳೆ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ನಮ್ಮ ಬಳಗದಲ್ಲಿ ಎಲ್ಲರೂ ಆಡಿಕೊಂಡರು. ಕಾಕು ಮಾತ್ರ ಆ ಖಾಲಿ ಮೊಳೆಯ ಧೂಳನ್ನು ದಿನಾ ಒರೆಸುತ್ತಿದ್ದರು. ಇದನ್ನೆಲ್ಲ ಬರೆಯಲಾ ಎಂದು ಕಾಕುವಿನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಒಪ್ಪಿಗೆ ಎಂಬ ಮಾತು ಎಷ್ಟು ಭಾರವಾದದ್ದೆಂದು ನನಗೆ ಈ ಪ್ರಕರಣದಲ್ಲೇ ತಿಳಿದದ್ದು.

ಅರ್ಜಿ ಹಾಕುವ ಮುಂಚೆ ಖಂಡೇನವಮಿ ಬಂತು. ಆಯುಧಪೂಜೆ ಇಲ್ಲದೆ ಹೊಸ ಮಷೀನು ಹೊರಗೆ ತೆಗೆಯುವುದುಂಟೆ? ಕಾಕಾ ಅದರ ಹೊದಿಕೆಯನ್ನೇ ಬಿಚ್ಚಿಟ್ಟರು. ಕುಂಕುಮ ಎಲ್ಲ ಭಾಗಕ್ಕೂ ಮುಟ್ಟಬೇಕಂತೆ, ದೇವರಿಗೆ ಎಲ್ಲ ಕಾಣಬೇಕಂತೆ! ಓಣಿಯವರು, ಸುತ್ತಲ ಶೆಡ್ಡಿನವರು ಎಲ್ಲರೂ ಪ್ರಸಾದಕ್ಕೆ ಬಂದರು. ಕಾಕು ಮಷೀನು ಹಿಡಿದು ಬಳೆ ತಿರುಗಿಸಿ ತೋರಿಸಿದರು, ಕಾಕಾ ಕಥಾಕೀರ್ತನೆ ಮಾಡಿದರು. ಪಕ್ಕದ ಮನೆಯ ಸೊಸೆ ಅದನ್ನೆಲ್ಲ ಕಾಕುವಿನ ಫೋನಿನಲ್ಲಿ ವಿಡಿಯೋ ಮಾಡಿದಳು. ಕಾಕುವಿನದೊಂದು ಅಡಿಗೆ ಚಾನೆಲ್ ಇತ್ತು. ಮೊದಲು ಅದರಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದರು, ಆಮೇಲೆ ಯಾಕೋ ಬರೀ ಚಟ್ನಿಪುಡಿ. ಅಂದು ಸಂಜೆ ಶೇಂಗಾ ಚಟ್ನಿಗೂ ಅಗಸಿ ಚಟ್ನಿಗೂ ನಡುವೆ ಈ ಪೂಜೆಯನ್ನೂ ಹಾಕಿಬಿಟ್ಟರು.

ಅರ್ಜಿಯನ್ನು ಕಾಕಾ ತಾವೇ ಬರೆದು ಹಾಕಿದರು. ಕಾಲ ಸರಿದ ಮೇಲೆ ಪೇಟೆಂಟ್ ಕಚೇರಿಯಿಂದ ಪರೀಕ್ಷೆಯ ವರದಿ ಬಂತು. ಯಾವುದೋ ದೇಶದಲ್ಲಿ ಇಂಥದೇ ಬಳೆ ಇರುವಂತಿದೆ, ನಿಮ್ಮದರಲ್ಲಿ ಹೊಸತೇನು ಎಂದು ಕೇಳಿದ್ದರು. ಕಾಕಾನಿಗೆ ಸಿಟ್ಟು ನೆತ್ತಿಗೇರಿತು. ನಮ್ಮ ಕಡೆ ಹೊಲದ ಬದುವಾಗಲಿ ಮದುವೆಯಾಗಲಿ, ಹತ್ತು ಮಂದಿ ಕಂಡಿದ್ದರೇ ಅದು ಖರೆ. ಸರಿ, ಕಾಕಾ ಆ ವಿಡಿಯೋದ ಲಿಂಕನ್ನೇ ಉತ್ತರದಲ್ಲಿ ಕಳಿಸಿದರು. "ಇದು ನನ್ನದೇ. ಅರ್ಜಿ ಹಾಕುವುದಕ್ಕೂ ಮುಂಚಿನಿಂದ ನನ್ನದು. ಇಡೀ ಓಣಿ ಸಾಕ್ಷಿ!"

ಇದನ್ನು ಕಾಕಾ ಫೋನಿನಲ್ಲಿ ನನಗೆ ಹೆಮ್ಮೆಯಿಂದ ಹೇಳಿದರು. ನಾನು ನಾಸಿಕ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿರುವ ಮರಾಠಿ ಹುಡುಗಿಗೆ ಹೇಳಿದೆ. ಅವಳು ಪೇಟೆಂಟ್ ಏಜೆಂಟು. ಕೇಳಿ ಅವಳ ಕೈಯಲ್ಲಿದ್ದ ಅವಲಕ್ಕಿ ತಟ್ಟೆ ಹಾಗೇ ನಿಂತಿತು. ಪೇಟೆಂಟಿನ ನ್ಯಾಯ ನಮ್ಮ ಓಣಿಯ ನ್ಯಾಯಕ್ಕೆ ಪೂರಾ ಉಲ್ಟಾ ಅಂತೆ. ಅರ್ಜಿಗಿಂತ ಮುಂಚೆ ಲೋಕಕ್ಕೆ ತೋರಿಸಿಬಿಟ್ಟದ್ದು ಹೊಸತಲ್ಲ. ಸಾಕ್ಷಿ ಹೆಚ್ಚಿದಷ್ಟೂ ಕೇಸು ಸಡಿಲ! ಬೇರೆಯವರು ಬೆರಳು ತೋರಿಸುವ ಮುನ್ನವೇ ಕಾಕಾ ತಮ್ಮ ಮೇಲೆ ತಾವೇ ಸಾಕ್ಷಿ ಹೇಳಿಬಂದಿದ್ದರು. ಕೆಲವೇ ದಿನಗಳಲ್ಲಿ ವಿಚಾರಣೆಯ ನೋಟೀಸು ಬಂತು. ಅದರಲ್ಲಿ ಕಾಕಾನ ಎದುರಾಳಿಯಾಗಿ ನಿಂತದ್ದು ಕಾಕಾನದೇ ಆಯುಧಪೂಜೆ. ವಿಡಿಯೋದ ಮಾತನ್ನೆಲ್ಲ ಇಂಗ್ಲಿಷಿಗೆ ತಂದು ಒಪ್ಪಿಸಿ ಎಂದೂ ಇತ್ತು. ಆ ಕೆಲಸ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನನ್ನ ತಲೆಗೆ ಬಂತು.

ಏನೆಂದು ಅನುವಾದಿಸಲಿ? "ಏ ಹಿಂದ ಸರೀರಿ, ದೇವರಿಗಿ ಗಾಳಿ ಬರಲಿ" ಎಂಬುದು ತಾಂತ್ರಿಕ ವಿವರಣೆಯೇ? ಬೇರಿಂಗ್ ಕೊಟ್ಟ ಅಂಗಡಿಯವನು ಹೇಗೆ ಟೋಪಿ ಹಾಕಿದ, ಬಳೆ ಕಡೆಯುವಾಗ ತಮಗೆ ಹೇಗೆ ಭೇದಿಯಾಗಿತ್ತು, ಎಲ್ಲವನ್ನೂ ಕಾಕಾ ಹೇಳಿದ್ದರು. ಎಲ್ಲವನ್ನೂ ನಾನು ನಿಷ್ಠೆಯಿಂದ ಇಂಗ್ಲಿಷಿಗೆ ತಂದೆ. ಒಂದು ಕಡೆ ಮಾತ್ರ ತಡೆದೆ. ಕಾಕುವಿನ ಹೆಬ್ಬೆರಳು ಬಳೆಯ ಮೇಲಿದೆ. ಬಳೆ ತಿರುಗಿ ಟಕ್ ಎಂದು ಕೂರುತ್ತದೆ. ಬೇರಿಂಗಿನ ಕುಲಗೋತ್ರ ಹೇಳಿದ ಕಾಕಾ ಅಲ್ಲಿ ತಡವರಿಸಿ, "ಇದು... ಇದು ಹಿಂಗ ಇರ್ತದ. ಪ್ರಸಾದ ತಗೋರಿ" ಎಂದುಬಿಟ್ಟಿದ್ದರು. ತಿರುತಿರುಗಿ ಕೇಳಿದೆ. ಅಷ್ಟೇ ಇತ್ತು, ಅಷ್ಟನ್ನೇ ಬರೆದೆ.

ವಿಚಾರಣೆಗೆ ಹಿಂದಿನ ದಿನ ಇಬ್ಬರೂ ಎಸ್‌ಟಿ ಬಸ್ಸಿನಲ್ಲಿ ನಾಸಿಕ್‌ಗೆ ಬಂದರು. ಬುತ್ತಿಯಲ್ಲಿ ಖಾನಾವಳಿಯ ರೊಟ್ಟಿ. "ಕಾಕು, ನೀವು ಬಡಿಲಿಲ್ಲೇನ್ರಿ?" ಎಂದರೆ, "ಈಗಿನ ಕಾಲದಾಗ ಯಾರು ಬಡೀತಾರ ಬೇ" ಎಂದು ಸೆರಗಿನಲ್ಲಿ ಕೈ ಸುತ್ತಿಕೊಂಡು ನಕ್ಕರು. ಏಜೆಂಟ್ ಹುಡುಗಿ ಕೂರಿಸಿಕೊಂಡು ಮರಾಠಿಯಲ್ಲಿ ನಿಧಾನವಾಗಿ ವಿವರಿಸಿದಳು. ಕಾನೂನಿನಲ್ಲಿ ಒಂದು ಸಣ್ಣ ಬಾಗಿಲಿದೆ. ನಿಮ್ಮಿಂದ ಪಡೆದದ್ದನ್ನು ಬೇರೊಬ್ಬರು ನಿಮ್ಮ ಒಪ್ಪಿಗೆಯಿಲ್ಲದೆ ಪ್ರಕಟಿಸಿದ್ದರೆ ಅದರ ಆಧಾರದ ಮೇಲೆ ನಿಮ್ಮ ಅರ್ಜಿ ತಳ್ಳಿಹಾಕುವಂತಿಲ್ಲ. ಪೂರ್ತಿ ಖಾತ್ರಿಯಿಲ್ಲ, ಪ್ರಯತ್ನಿಸಬಹುದು. ಚಾನೆಲ್‌ಗೆ ಹಾಕುವಾಗ ಕಾಕು ನಿಮ್ಮನ್ನು ಕೇಳಿದ್ದರಾ?

"ಕೇಳಿಲ್ರಿ!" ಕಾಕು ಥಟ್ಟನೆ ಅಂದರು. "ನಾನಾಗೇ ಹಾಕೀನಿ. ಇವರಿಗಿ ಗೊತ್ತೇ ಇಲ್ಲ. ಹಂಗೇ ಬರಕೋ ತಾಯಿ."

"ಕೇಳಿಲ್ಲ, ಖರೆ ಅದ," ಎಂದರು ಕಾಕಾ. "ಕೇಳಿದ್ರ ನಾ ಬ್ಯಾಡ ಅಂತಿದ್ದಿಲ್ಲ, ಅದೂ ಖರೆ ಅದ. ನನ್ನ ಹೆಣ್ತಿ ನನ್ನ ಮನಿಯಾಗ ಕಳುವು ಮಾಡ್ಯಾಳ ಅಂತ ನಾ ಸಹಿ ಮಾಡಲಾ?"

"ಕಳುವು ಅಂತ ಯಾರಂದ್ರು ರೀ? ಒಂದು ಕಾಗದ ಅಷ್ಟೇ."

"ಕಾಗದಾನೇ ಸರ್ಕಾರದಾಗ ಉಳೀತದ. ನೀನೂ ನಾನೂ ಉಳಿಯಂಗಿಲ್ಲ."

ಕಾಕು ಅವತ್ತು ಗಂಡನೊಡನೆ ಮಾತು ಬಿಟ್ಟರು. ನನ್ನ ಬಳಿ ಮಾತ್ರ, "ನನ್ನ ದೆಸಿಂದ ಆ ಮೊಳಿ ಖಾಲಿ ಉಳೀತದಲ್ಲ ಬೇ" ಎಂದು ಕಣ್ಣು ಒರೆಸಿಕೊಂಡರು. ನಗುವ ವಿಷಯವಾಗಿದ್ದ ಆ ಮೊಳೆ ನನಗೂ ಅಂದು ನಗು ತರಿಸಲಿಲ್ಲ.

ಮರುದಿನ ಏಜೆಂಟಿನ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ನಾವು ನಾಲ್ವರು ಕೂತೆವು. ಪರದೆಯಲ್ಲಿ ವಿಚಾರಣೆಯ ಅಧಿಕಾರಿ, ತೆಳ್ಳಗಿನ ಮನುಷ್ಯ, ಮೃದು ಮಾತು. ಕಾಕಾ ಹಿಂದಿಯಲ್ಲಿ ನೇರವಾಗಿ ಹೇಳಿದರು: ವಿಡಿಯೋ ನಮ್ಮದೇ, ಹಾಕಿದ್ದು ನಮ್ಮ ಮನೆಯವಳು, ನನಗೆ ಯಾವ ತಕರಾರೂ ಇಲ್ಲ. ಏಜೆಂಟ್ ಹುಡುಗಿ ಕಣ್ಣು ಮುಚ್ಚಿಕೊಂಡಳು. ಅಧಿಕಾರಿ ತಲೆಯಾಡಿಸಿ, ಹಾಗಾದರೆ ಬಳೆಯ ಮೇಲಿನ ಹಕ್ಕು ನಿಲ್ಲುವುದಿಲ್ಲ ಎಂದರು. ಕಾಕಾ ಕೂತಲ್ಲೇ ಕುಗ್ಗಿದರು. ಅಷ್ಟು ದೊಡ್ಡ ಬಾಯಿಯ ಮನುಷ್ಯ ಅಷ್ಟು ಸಣ್ಣಗೆ ಕಂಡದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಆದರೆ ಅಧಿಕಾರಿ ಕಡತ ಮುಚ್ಚಲಿಲ್ಲ. ಅರ್ಜಿಯ ಕೊನೆಯಲ್ಲಿ ಒಂದು ಖಟ್ಕಾ ಇದೆಯಲ್ಲ ಎಂದರು. ಬೇರೆ ದೇಶದ ಮಷೀನಿನಲ್ಲಿ ಬಳೆ ಬಿಡಿಸಲು ಸ್ಪ್ಯಾನರ್ ಬೇಕು, ಎರಡು ಕೈ ಬೇಕು. ಇದು ಒಂದು ಬೆರಳು ಸೋಕಿದರೆ ಬಿಡುತ್ತದೆ. ವಿಡಿಯೋದಲ್ಲಿ ಎಲ್ಲವೂ ಕಾಣುತ್ತದೆ, ಇದೊಂದು ಕಾಣುವುದಿಲ್ಲ. ಆ ತಾಯಿಯ ಹೆಬ್ಬೆರಳು ಅದರ ಮೇಲಿದೆ. ಅನುವಾದದಲ್ಲೂ ಅದರ ಮಾತಿಲ್ಲ. "ಅಂದು ಬೇರೆ ಯಾರಿಗಾದರೂ ಇದನ್ನು ತೋರಿಸಿದಿರಾ, ಹೇಳಿದಿರಾ?"

"ಇಲ್ಲ ಸಾಹೇಬ್."

"ಇಷ್ಟೆಲ್ಲ ಹೇಳಿದವರು ಇದೊಂದನ್ನು ಯಾಕೆ ಹೇಳಲಿಲ್ಲ?"

ಕಾಕಾ ಹಿಂದಿಯಲ್ಲಿ "ಹಾಗೇ" ಎಂದರು. ಅಧಿಕಾರಿ ಬಿಡಲಿಲ್ಲ, ಇದು ಮುಖ್ಯ, ನೆನಪು ಮಾಡಿಕೊಂಡು ಹೇಳಿ ಎಂದರು. ಕಾಕಾ ಕಾಕುವಿನ ಕಡೆ ನೋಡದೆ, ಮೇಜನ್ನು ನೋಡುತ್ತ, ಕನ್ನಡಕ್ಕೆ ಹೊರಳಿದರು.

"ಆಕಿ ಹೆಬ್ಬಟ್ಟಿನಾಗ ಜೀವ ಇಲ್ರಿ. ಮಷೀನ್ ಹಿಡಿದು ಹಿಡಿದು ಹೋಗ್ಯದ. ರೊಟ್ಟಿ ಬಡ್ಯಾಕ ಬರಂಗಿಲ್ಲ, ಯಾರಿಗೂ ಹೇಳಂಗಿಲ್ಲ. ಆ ಬೆರಳಿಗಿ ನೋಯಬಾರದು ಅಂತ ಆ ಖಟ್ಕಾ ಮಾಡೀನಿ. ಹಬ್ಬದ ದಿನ ಮಂದಿ ಮುಂದ ಅದನ್ನ ಹೇಳಿದ್ರ, ಎಲ್ಲಾರೂ ಮಷೀನ್ ಬಿಟ್ಟು ಆಕಿ ಕೈ ನೋಡ್ತಿದ್ರು. ಅದಕ ಹೇಳಿಲ್ಲ."

ಎಲ್ಲರೂ ನನ್ನ ಕಡೆ ನೋಡಿದರು, ನಾನು ಅನುವಾದಿಸಬೇಕಿತ್ತು. ಅಷ್ಟರಲ್ಲಿ ಕಾಕು ಮಾತು ಬಿಟ್ಟದ್ದನ್ನು ಮರೆತು ಮೆಲ್ಲಗೆ ಕೇಳಿದರು: "ನಿಮಗ ಗೊತ್ತಿತ್ತಾ?"

"ಹ್ಞೂಂ."

"ಯಾವಾಗಿನಿಂದ?"

"ಚಟ್ನಿಪುಡಿ ಶುರು ಆದಾಗಿಂದ."

ಕಾಕಾನ ಆ ಮಾತನ್ನು ನಾನು ಆಮೇಲೆ ಇಂಗ್ಲಿಷಿನಲ್ಲಿ ಬರೆದು ಒಪ್ಪಿಸಿದೆ. ಕೆಲವು ತಿಂಗಳ ಮೇಲೆ ಆದೇಶ ಬಂತು. ಬಳೆ ಹೋಗಿತ್ತು, ಖಟ್ಕಾ ಉಳಿದಿತ್ತು. ಸರ್ಟಿಫಿಕೇಟು ಬಂದ ಸುದ್ದಿ ಕೇಳಿ, ಅದನ್ನು ತೂಗುಹಾಕಿದ ಸಂಭ್ರಮ ನೋಡಲು ನಾನು ಸಂಭಾಜಿನಗರಕ್ಕೆ ಓಡಿದೆ. ಅಂದು ಖಂಡೇನವಮಿಯೂ ಇತ್ತು. ಮೊಳೆಯ ಮೇಲೆ ಒಂದು ಕ್ಯಾಲೆಂಡರ್ ತೂಗುತ್ತಿತ್ತು! ಜನ್ಮದಲ್ಲಿ ಮೊದಲ ಸಲ ಕಾಕಾ ಮಷೀನಿಗೆ ಹೊದಿಕೆ ಹಾಕಿ ಪೂಜೆಗೆ ಇಟ್ಟಿದ್ದರು. "ಸರ್ಟಿಫಿಕೇಟು ಎಲ್ಲಿ ಕಾಕಾ?" ಎಂದೆ. "ಕಪಾಟಿನಾಗ ಅದ ಬಿಡು. ತೂಗಹಾಕಿದ್ರ ಯಾತರದು ಅಂತ ಕೇಳ್ತಾರ" ಎಂದು ಪಿಸುಗುಟ್ಟಿದರು. ಬಂದವರೊಬ್ಬರು ಅಷ್ಟರಲ್ಲೇ ಕೇಳಿಬಿಟ್ಟರು, ಅದೇನೋ ಪೇಟೆಂಟ್ ಸಿಕ್ಕಿತಂತಲ್ಲ ಎಂದು. "ಅದು... ಹಿಂಗ ಏನೋ ಸಣ್ಣದು. ಪ್ರಸಾದ ತಗೋರಿ" ಎಂದರು ಕಾಕಾ.

ಕಾಕು ಕುಂಕುಮದ ಬಟ್ಟಲು ಕೆಳಗಿಟ್ಟು ಎದ್ದರು. ಕ್ಯಾಲೆಂಡರ್ ತೆಗೆದು, ಕಪಾಟಿನಿಂದ ಸರ್ಟಿಫಿಕೇಟು ತಂದು ಮೊಳೆಗೆ ಸಿಕ್ಕಿಸಿದರು. ಮಷೀನಿನ ಹೊದಿಕೆ ಬಿಚ್ಚಿದರು. ಆಮೇಲೆ, ಎಷ್ಟೋ ವರ್ಷದಿಂದ ಮಂದಿ ಕಂಡರೆ ಸೆರಗಿನೊಳಗೆ ಸೇರುತ್ತಿದ್ದ ಬಲಗೈಯನ್ನು ಮುಂದೆ ಚಾಚಿ, ಆ ಸೋತ ಹೆಬ್ಬೆರಳನ್ನು ಎಲ್ಲರಿಗೂ ಕಾಣುವಂತೆ ಖಟ್ಕಾದ ಪಕ್ಕದಲ್ಲಿ ಹಿಡಿದರು.

"ಇಲ್ಲಿ ನೋಡ್ರಿ," ಎಂದರು. "ಇದರ ಸಲುವಾಗಿ ಮಾಡ್ಯಾರ."