ತೂತಿನ ಪುಡಿ, ಬಾಗುವ ಹಾಳೆ

ಗದುಗಿನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುವವನಿಗೆ ಉಪಕರಣಗಳ ಬರ ಇದ್ದೀತು, ಫಜೀತಿಗಳಿಗೆ ಬರವಿಲ್ಲ. ವಾರಕ್ಕೊಂದು ತಪ್ಪದೆ ಬರುತ್ತದೆ.

೧. ತೂತು

ಲೋಹ ಮತ್ತು ಸಾವಯವ ಅಣುಗಳನ್ನು ಹೆಣೆದು ಮಾಡಿದ ಪುಡಿಯೊಂದಿದೆ. ಕಣಕಣದಲ್ಲೂ ಕಣ್ಣಿಗೆ ಕಾಣದ ತೂತುಗಳು. ಗಾಳಿಯ ತೇವ ಹೀರಿ ಹಿಡಿದಿಡುತ್ತವೆ. ಅದನ್ನು ರಬ್ಬರಿನಂಥ ಪಾಲಿಮರಿನಲ್ಲಿ ಕಲಸಿ, ಬಾಗಿಸಿದರೂ ಪುಡಿ ಉದುರದ ಹಾಳೆ ಮಾಡಬೇಕು. ಹಾಳೆ ಬಂದರೆ ನನಗೆ ಡಾಕ್ಟರೇಟ್, ಬಾರದಿದ್ದರೆ ಐದು ವರ್ಷ ಮಣ್ಣುಪಾಲು.

ನಮ್ಮ ಲ್ಯಾಬಿನ ಅಟೆಂಡರ್ ಹರ್ತಿ ಹಳ್ಳಿಯವನು; ಅವನಿಗೆ ಇದನ್ನೆಲ್ಲ ವಿವರಿಸಿದೆ.

"ತೂತಿಗೆ ಇಷ್ಟ ಓದಬೇಕೇನ್ರಿ ಸರ? ನಮ್ಮ ಮನಿ ಮ್ಯಾಲಿನ ತಗಡ ನೋಡ ಬರ್ರಿ."

"ನಿಮ್ಮ ತಗಡು ನೀರು ಹಿಡದ ಇಟ್ಕೋತೈತೇನು?"

"ಇಲ್ರಿ. ಒಂದ ಹನಿನೂ ತನಗಂತ ಇಟ್ಕೊಳ್ಳಂಗಿಲ್ಲ. ಎಲ್ಲಾ ನಮಗ ಕೊಡತೈತಿ."

೨. ಎಸರು

ಹಾಳೆ ಒಣಗಿದೊಡನೆ ಬಿರಿಯುತ್ತಿತ್ತು. ಬೆಟಗೇರಿಯ ಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಅವ್ವ ಜೋಳದ ಹಿಟ್ಟು ನಾದುತ್ತಲೇ ಕೇಳಿದಳು: "ತಣ್ಣಗ ಕಲಸ್ತಿಯೇನಪಾ? ಕುದಿ ಎಸರು ಹಾಕಿ ಚಂದಂಗ ನಾದು. ರೊಟ್ಟಿ ಹೆಂಗ ಸೀಳತೈತಿ ನೋಡೂಣು."

ಮರುದಿನ ಪಾಲಿಮರ್ ದ್ರಾವಣ ಕಾಯಿಸಿ, ಪುಡಿ ಹಾಕಿ ನಾದಿದೆ. ಹಾಳೆ ಬಟ್ಟೆಯ ಹಾಗೆ ಮಡಚಿಕೊಂಡಿತು! ಖುಷಿಗೆ ಕುಣಿದೇಬಿಟ್ಟೆ. ಪ್ರಬಂಧದಲ್ಲಿ "ಕೈಗೆ ಹದ ತಿಳಿಯುವವರೆಗೆ ನಾದಬೇಕು" ಎಂದು ಬರೆದೆ. ನನ್ನ ಗೈಡ್ ಅದನ್ನು ಹೊಡೆದುಹಾಕಿ "ಇಪ್ಪತ್ತು ನಿಮಿಷ" ಎಂದು ತಿದ್ದಿದರು. ಆಮೇಲೆ ತಾವೇ ಗಡಿಯಾರ ನೋಡಿಕೊಂಡು ನಾದಿದರು. ಹಾಳೆ ಬಿರಿಯಿತು.

ಕೈ ಒರೆಸಿಕೊಳ್ಳುತ್ತ, "ನಿಮ್ಮ ತಾಯಿಯವರಿಗೆ ನಾಳೆ ಬಿಡುವೈತೇನು, ಕೇಳ್ರಿ" ಎಂದರು.

೩. ಬರೀ ಕುರ್ಚಿ

ಕೊನೆಗೆ ಮೌಖಿಕ ಪರೀಕ್ಷೆ ಬಂತು. ಕೈಯಲ್ಲಿದ್ದದ್ದು ಒಂದೇ ಒಳ್ಳೆಯ ಹಾಳೆ. ಒಣಗಿಸಿ, ತೂಗಿ, ಮೇಜಿನ ಮೇಲೆ ಇಟ್ಟಿದ್ದೆ. ಪರ ಊರಿನಿಂದ ಬಂದ ಪರೀಕ್ಷಕರದು ಭಾರಿ ದೇಹ. ಏಪ್ರಿಲ್ ಬಿಸಿಲು, ಕರೆಂಟ್ ಬೇರೆ ಇಲ್ಲ. ಎರಡು ತಾಸು ಪ್ರಶ್ನೆ ಕೇಳಿ, "ಈಗ ಹಾಳಿ ತೋರಸ್ರಿ" ಎಂದರು.

ಮೇಜು ಖಾಲಿ! ಬಗ್ಗಿ ಮೇಜಿನ ಕೆಳಗೂ ಹುಡುಕಿದೆ.

ಅಟೆಂಡರ್ ಮೆಲ್ಲಗೆ ಅಂದ: "ಸರ, ದೊಡ್ಡವರು ಬಂದಾಗ ಏನರ ಹಾಸಲಾರದ ಬರೇ ಕುರ್ಚಿ ಮ್ಯಾಲ ಹೆಂಗ ಕುಂದ್ರಸೂದ್ರಿ?"

ಪರೀಕ್ಷಕರು ಗಂಭೀರವಾಗಿ ಎದ್ದರು. ಕುರ್ಚಿಗೆ ಹಾಸಿದ್ದ ಹಾಳೆ ಎತ್ತಿ ಝಾಡಿಸಿದರು, ಪುಡಿ ಉದುರಲಿಲ್ಲ. ಮಡಚಿದರು, ಬಿರಿಯಲಿಲ್ಲ. ತೂಗಿದರೆ, ಬೆವರು ಕುಡಿದು ತೂಕ ಏರಿತ್ತು.

"ಪಾಸೇನ್ರಿ?" ಎಂದೆ.

"ಒಂದ ಸಲದ ಅಳತಿ ನಂಬಾಕ ಬರೂದಿಲ್ಲ. ಮೂರು ಸಲ ಆಗಬೇಕು. ಒಣಗಿಸಿ ತರ್ರಿ" ಎಂದವರೇ ಕಿಟಕಿ ಮುಚ್ಚಿಸಿ, ಬಿಸಿ ಚಹಾ ತರಿಸಿ, ಮತ್ತೆ ಕುಳಿತರು.

ಸಂಜೆಯ ಹೊತ್ತಿಗೆ ನಾನು ಡಾಕ್ಟರ್ ಆದೆ. ಅವರು ಒಂದು ಕಿಲೋ ಇಳಿದಿದ್ದರು.