ಎರಡು ಪಾಠದ ಜಪಾನಿ

"ಈ ವಯಸ್ಸಲ್ಲಿ ಭಾವನ ತಲೆಗೆ ಹೊಸ ಭಾಷೆ ಹತ್ತೋದುಂಟಾ?" ಎಂದು ಊಟಕ್ಕೆ ಬಂದಿದ್ದ ಭಾಮೈದ ನಕ್ಕಿದ್ದೇ ಎಲ್ಲದಕ್ಕೂ ಮೂಲ. ಗುಮಾಸ್ತರಿಗೆ ರೇಗಿಹೋಯಿತು. ಮಗಳು ಓದುತ್ತಿದ್ದ ಜಪಾನಿ ಪುಸ್ತಕವನ್ನು ಕಿತ್ತುಕೊಂಡು ಒಂದೇ ವಾರದಲ್ಲಿ ಎರಡು ಪಾಠ ಉರು ಹೊಡೆದರು. ವಸ್ತು ತನ್ನ ಹತ್ತಿರವಿದ್ದರೆ 'ಕೊರೆ', ಎದುರಿನವರ ಹತ್ತಿರವಿದ್ದರೆ 'ಸೊರೆ', ಇಬ್ಬರಿಗೂ ದೂರವಿದ್ದರೆ 'ಅರೆ'. ಚಿಕ್ಕದು 'ಚೀಸಾಯ್'. ಹಳೆಯದು 'ಫುರುಯ್'.

ಬಸ್ ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೊಠಡಿ ಅವರ ಸಾಮ್ರಾಜ್ಯ. ಸೋಮವಾರ ಬೆಳಿಗ್ಗೆ ಒಂಟಿ ಚಪ್ಪಲಿಗೂ ಹಿಡಿ ಮುರಿದ ಕೊಡೆಗೂ ಬೆರಳು ತೋರಿಸುತ್ತ ಪಾಠ ಒಪ್ಪಿಸುತ್ತಿದ್ದಾಗ ಪಕ್ಕದ ಪಾಸ್ ಕೌಂಟರಿನಾಕೆ ಇಣುಕಿದಳು.

"ಏನ್ಸಾರ್ ಅದು?"

"ಜಪಾನಿ. ಕೊರೆ ಅಂದ್ರೆ ಇದು."

"ಕೊರೆಯೋದು ನಿಮಗೆ ಮೊದಲಿಂದ್ಲೂ ಬರ್ತಿತ್ತಲ್ಲ ಸಾರ್!"

ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಕಂಡಕ್ಟರ್ ನೆತ್ತಿಗೇರಿಸಿಕೊಂಡು ನಕ್ಕ. ಗುಮಾಸ್ತರ ಮುಖ ಕಾದ ಬಾಣಲೆಯಂತಾಯಿತು. ಇವರಿಗೆಲ್ಲ ಒಂದು ದಿನ ಬುದ್ಧಿ ಕಲಿಸದಿದ್ದರೆ ನಾನು ಗುಮಾಸ್ತನೇ ಅಲ್ಲ ಎಂದುಕೊಂಡರು.

ಆ ದಿನ ಹನ್ನೊಂದು ಗಂಟೆಗೇ ಬಂತು. "ಸಾರ್, ನಿಮ್ಮ ಗಿರಾಕಿ! ಜಪಾನಿನೋರಂತೆ!" ಎಂದು ಕಂಡಕ್ಟರ್ ನಡುವಯಸ್ಸಿನ ಹೆಂಗಸೊಬ್ಬಳನ್ನು ಕರೆತಂದ. ಆಕೆ ಸೊಂಟ ಬಗ್ಗಿಸಿ ನಮಸ್ಕರಿಸಿ, ಹೆಗಲ ಚೀಲವನ್ನು ತಟ್ಟಿ ಹೇಳಿದಳು: "ಕೊರೆ…"

ಗುಮಾಸ್ತರಿಗೆ ಸ್ವರ್ಗ ಮೂರೇ ಗೇಣು. "ನೋಡಿದ್ರಾ? 'ಇದು' ಅಂತಿದಾರೆ. ಇಂಥದೇ ಚೀಲ ಕಳ್ಕೊಂಡಿದಾರೆ!"

ಆಕೆ ಚೀಲದ ಜಿಪ್ಪಿಗೆ ಕೈಹಾಕಿದಳು. ಗುಮಾಸ್ತರು ಅಂಗೈ ಅಡ್ಡ ಹಿಡಿದರು. ಮೊದಲು ಬಾಯಲ್ಲಿ ವರ್ಣನೆ, ಆಮೇಲೆ ಮಿಕ್ಕಿದ್ದು. ಇಪ್ಪತ್ತು ವರ್ಷದಲ್ಲಿ ಎಷ್ಟು ಜನ ಕಂಡವರ ಕೊಡೆಯನ್ನು ತಮ್ಮದೆಂದು ಹೊಡೆದುಕೊಂಡು ಹೋಗಲು ನೋಡಿರಲಿಲ್ಲ! "ಚೀಸಾಯ್?" ಎಂದು ಕೇಳಿದರು.

"ಹಾಯ್, ಚೀಸಾಯ್," ಎಂದು ಆಕೆ ತಲೆಯಾಡಿಸಿದಳು.

"ಫುರುಯ್?"

ಆಕೆ ಸ್ವಲ್ಪ ಸಂಕೋಚದಿಂದ ಅದಕ್ಕೂ ಹೌದೆಂದಳು.

ಚಿಕ್ಕ, ಹಳೆಯ ಚೀಲಗಳೆಲ್ಲ ಒಂದೊಂದಾಗಿ ಮೇಜಿಗೆ ಬಂದವು. ಆಕೆ ಪ್ರತಿಯೊಂದಕ್ಕೂ ಬೇಡವೆಂದು ಕೈಯಾಡಿಸಿದಳು. ಮತ್ತೆ ಜಿಪ್ಪಿಗೆ ಕೈ. ಮತ್ತೆ ಅಂಗೈ ಅಡ್ಡ. ಕೊನೆಗೆ ಆಕೆ ಚೀಲ ತಟ್ಟಿ, ಗುಮಾಸ್ತರ ಎದೆಗೇ ನೇರವಾಗಿ ಕೈ ತೋರಿಸಿ, "ಅನಾತಾ! ಅನಾತಾ ನೊ!" ಎಂದಳು.

"ಅಯ್ಯೋ, ನಿಮ್ಮನ್ನ ಅನಾಥ ಅಂತಿದಾಳೆ ಸಾರ್!" ಎಂದ ಕಂಡಕ್ಟರ್.

"ಪಾಪ, ಮುಖ ನೋಡಿದ್ರೆ ಯಾರಿಗಾದ್ರೂ ಹಾಗನ್ಸತ್ತೆ," ಎಂದಳು ಪಾಸ್ ಕೌಂಟರಿನಾಕೆ.

"ಯಾರ್ರೀ ಅನಾಥ? ನಮ್ಮಪ್ಪ ಅಮ್ಮ ಇಬ್ಬರೂ ಗುಂಡುಕಲ್ಲಿನ ಹಾಗಿದಾರೆ ಮನೇಲಿ!"

"ಮಗಳಿಗೊಂದು ಫೋನ್ ಮಾಡಿ ಸಾರ್, ಅವಳಿಗೆ ಗೊತ್ತಿರತ್ತೆ," ಎಂದ ಕಂಡಕ್ಟರ್.

"ಯಾಕೆ, ನಾನು ಸತ್ತುಹೋಗಿದೀನಾ?" ಎಂದು ಗುಡುಗಿದ ಗುಮಾಸ್ತರು ಕುರ್ಚಿ ಹತ್ತಿ, ಅಟ್ಟದ ಮೂಲೆಯಲ್ಲಿದ್ದ ಕಟ್ಟಕಡೆಯ ಚೀಲಕ್ಕೆ ಕೈಚಾಚಿದರು. ಚೀಲ ಬರಲಿಲ್ಲ, ಅಟ್ಟವೇ ಬಂತು. ಮೂವತ್ತೆರಡು ಕೊಡೆ, ಹದಿನಾಲ್ಕು ಟಿಫಿನ್ ಡಬ್ಬಿ, ಯಾರೋ ಬಿಟ್ಟುಹೋದ ಒಂದು ಹಾರ್ಮೋನಿಯಂ, ಇವೆಲ್ಲವುಗಳ ನಡುವೆ ಗುಮಾಸ್ತರು ಕವುಚಿ ಬಿದ್ದರು. ಹಾರ್ಮೋನಿಯಂ ಒಂದು ಸಲ ಕುಂಯ್ ಎಂದಿತು.

ಸದ್ದು ಕೇಳಿ ನಿಲ್ದಾಣದ ಸಾಹೇಬರು ಓಡಿಬಂದರು. "ಏನ್ರೀ ಇದು, ಭೂಕಂಪವಾ?"

ಕಂಡಕ್ಟರ್ ಆಗಲೇ ಗುಮಾಸ್ತರ ಫೋನಿನಿಂದ ಮಗಳಿಗೆ ಕರೆಮಾಡಿ, ಸ್ಪೀಕರ್ ಹಾಕಿ ಜಪಾನಿನಾಕೆಯ ಮುಂದೆ ಹಿಡಿದಿದ್ದ. ಆಕೆ ಗಡಗಡನೆ ಮಾತಾಡಿದಳು. ಮಗಳು ಆ ಕಡೆಯಿಂದ ಬಿದ್ದುಬಿದ್ದು ನಕ್ಕಳು.

"ಅಪ್ಪಾ, ಅನಾತಾ ಅಂದ್ರೆ ನೀವು. ಅನಾತಾ ನೊ ಅಂದ್ರೆ ನಿಮ್ಮದು. ಮೂರನೇ ಪಾಠದಲ್ಲಿದೆ! ಅವರು ಏನೂ ಕಳ್ಕೊಂಡಿಲ್ಲ. ಬೆಳಿಗ್ಗೆ ಬಸ್ಸಲ್ಲಿ ನಿಮ್ಮ ಜೇಬಿಂದ ಏನೋ ಬಿತ್ತಂತೆ, ಕೊಡೋಕೆ ಬಂದಿದಾರೆ. ನೀವು ಚೀಲ ತೆಗೆಯೋಕೇ ಬಿಡ್ತಿಲ್ವಂತೆ!"

ಈ ಬಾರಿ ಯಾರೂ ಅಡ್ಡ ಬರಲಿಲ್ಲ. ಆಕೆ ಜಿಪ್ಪೆಳೆದು, ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟಳು. ಗುಮಾಸ್ತರ ಆಫೀಸು ಗುರುತಿನ ಚೀಟಿ! ಫೋಟೋದಲ್ಲಿ ತಲೆ ತುಂಬ ಕೂದಲು. ಆಕೆ ಮತ್ತೊಮ್ಮೆ ಬಗ್ಗಿ ನಮಸ್ಕರಿಸಿ, ತನ್ನ ಬಸ್ಸು ಹಿಡಿಯಲು ಓಡಿದಳು.

ಗುಮಾಸ್ತರು ಚೀಟಿಗೆ ಕೈಹಾಕುವಷ್ಟರಲ್ಲಿ ಸಾಹೇಬರು ಅದನ್ನು ಎತ್ತಿಕೊಂಡರು.

"ಈ ಕೊಠಡಿಗೆ ಬಂದಿದ್ದು ರಿಜಿಸ್ಟರಿಗೆ ಹತ್ತಲೇಬೇಕು. ಬರ್ಕೊಳ್ಳಿ. ಆಮೇಲೆ ವಾರಸುದಾರರು ಗುರುತಿನ ಚೀಟಿ ತೋರಿಸಿ ಬಿಡಿಸ್ಕೊಂಡು ಹೋಗ್ಲಿ."

"ಗುರುತಿನ ಚೀಟಿನೇ ಅದು ಸಾರ್! ಬೇರೆ ಎಲ್ಲಿಂದ ತರ್ಲಿ?"

"ಹೊಸದಕ್ಕೆ ಅರ್ಜಿ ಹಾಕಿ. ಎರಡು ತಿಂಗಳಲ್ಲಿ ಬರತ್ತೆ."

"ಇಪ್ಪತ್ತು ವರ್ಷದಿಂದ ನೋಡ್ತಿದೀರಲ್ಲ ಸಾರ್, ಇದು ನಾನಲ್ವಾ?" ಗುಮಾಸ್ತರು ಮುಖ ಮುಂದೆ ಚಾಚಿದರು.

ಸಾಹೇಬರು ಫೋಟೋದ ಕೂದಲನ್ನೂ ಎದುರಿನ ಬೋಳುತಲೆಯನ್ನೂ ಎರಡೆರಡು ಸಲ ನೋಡಿದರು. ಚೀಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬಾಗಿಲ ತನಕ ಹೋದವರು ತಿರುಗಿ ನಿಂತರು.

"ಅಂದಹಾಗೆ, ಬೆಳಿಗ್ಗೆಯಿಂದ ಗುರುತಿನ ಚೀಟಿ ಇಲ್ದೇನೇ ಡ್ಯೂಟಿ ಮಾಡ್ತಿದೀರಿ ಅಂತಾಯ್ತಲ್ಲ? ಸಂಜೆಯೊಳಗೆ ನನ್ನ ಮೇಜಿಗೆ ವಿವರಣೆ ಬರ್ಲಿ. ಕನ್ನಡದಲ್ಲೇ ಬರೀರಿ."