ಕಾಕಾನ ಕುದುರೆಗೆ ಸೋಮವಾರ ರಜೆ

ನಮ್ಮ ಕಾಕಾ ಒಂದು ರಾಜ್ಯವನ್ನು ರಾಕ್ಷಸನಿಂದ ಉಳಿಸಿಕೊಡುತ್ತೇನೆಂದು ಒಪ್ಪಿಕೊಂಡು ಮೂರು ತಿಂಗಳಾಯಿತು. ಇನ್ನೂ ಹೊರಟಿಲ್ಲ! ರಾಜ ಖುದ್ದಾಗಿ ಬಂದು ಕೈಮುಗಿದಿದ್ದಾನೆ, ರಾಣಿ ಅತ್ತಿದ್ದಾಳೆ. ಕಾಕಾ ಮಾತ್ರ ಊರ ಹೊರಗಿನ ಮರದ ಕೆಳಗೆ ನಿಂತು, "ನೆಳ್ಳ ಛಲೋ ಐತಿ" ಅನ್ನುತ್ತಾರೆ. ರಾಜ್ಯ ಇರುವುದು ಟಿವಿಯೊಳಗೆ, ಒಂದು ವಿಡಿಯೋ ಗೇಮಿನಲ್ಲಿ. ಕಾಕಾ ಇರುವುದು ನವನಗರದಲ್ಲಿ.

ಅವಸರ ಎಂಬುದು ಕಾಕಾನ ಹಣೆಯಲ್ಲಿ ಬರೆದೇ ಇಲ್ಲ. ಮೂವತ್ತು ವರ್ಷ ಬಾದಾಮಿಯಿಂದ ಇಳಕಲ್ಲಿಗೆ ಬಸ್ಸು ಓಡಿಸಿದವರು. ಓಡಿಸಿದರು ಅನ್ನುವವಳು ನಾನು; ಬಸ್ಸಿನಲ್ಲಿ ಕೂತವರು ಹಾಗೆ ಅನ್ನುತ್ತಿರಲಿಲ್ಲ. ಬಾದಾಮಿಯಲ್ಲಿ ಹಾಲು ಹಿಡಿದು ಹತ್ತಿದವರು ಹುನಗುಂದದಲ್ಲಿ ಮೊಸರು ಹಿಡಿದು ಇಳಿಯುತ್ತಿದ್ದರು ಎಂಬುದು ಶುದ್ಧ ಉತ್ಪ್ರೇಕ್ಷೆ. ಆದರೆ ನಂಬಿಕೆಯಿಂದ ಹೆಪ್ಪು ಹಾಕಿಕೊಂಡು ಹತ್ತಿದವರನ್ನು ನಾನೇ ಕಂಡಿದ್ದೇನೆ.

ಗೇಮು ಮನೆಗೆ ಬಂದದ್ದು ಕಾಕು ಬಿದ್ದ ಮೇಲೆ. ಕಾಕು ಅಂದರೆ ಕಾಕಾನ ಹೆಂಡತಿ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ, ಸೊಂಟದ ಎಲುಬು ಮುರಿದು, ಆಪರೇಷನ್ ಆಗಿ ರಾಡ್ ಹಾಕಿದರು. ವಾಕರ್ ಹಿಡಿದು ದಿನಾ ನಾಲ್ಕು ಹೆಜ್ಜೆ ನಡೆಯಲೇಬೇಕು, ಇಲ್ಲದಿದ್ದರೆ ಇನ್ನು ಹಾಸಿಗೆಯೇ ಗತಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಕಾಕು ಎಲ್ಲ ಕೇಳಿಸಿಕೊಂಡು, "ಒಮ್ಮಿ ಬಿದ್ದೇನಿ. ಮತ್ತೊಮ್ಮಿ ಬೀಳಾಕ ಏಳ್ಲೇನು?" ಎಂದು ಮುಖ ತಿರುಗಿಸಿದರು. ವಾಕರ್ ಮೇಲೆ ಟವೆಲ್ಲುಗಳು ಒಣಗತೊಡಗಿದವು.

ಮಂಚವನ್ನು ಪಡಸಾಲೆಗೆ ತಂದು ಟಿವಿಯ ಎದುರು ಹಾಕಿದ್ದರು. ಹೊತ್ತು ಹೋಗಲೆಂದು ಇಳಕಲ್ಲಿನ ಅಳಿಯ ತನ್ನ ಹಳೆಯ ಗೇಮಿನ ಡಬ್ಬಿ ತಂದು ಜೋಡಿಸಿದ. ಅವನಿಗೆ ಆ ಗೇಮು ಕಂಡರಾಗದು.

"ಭಾಳ ಸ್ಲೋ ಐತ್ರಿ ಮಾಮಾ. ಬರೇ ನಡಿಯೂದು, ಗುಡ್ಡ ಹತ್ತೂದು, ಇಳಿಯೂದು. ತಾಸಗಟ್ಲೆ ಏನೂ ಆಗೂದಿಲ್ಲ."

"ಹೌದೇನ್ರಿ?" ಕಾಕಾನ ಮುಖ ಅರಳಿತು. "ಹಂಗಾದ್ರ ಛಲೋ ಇರಬೇಕು."

ಆ ಗೇಮಿನಲ್ಲಿ ಕಂಡವರ ಮನೆಗೆ ನುಗ್ಗಿ, ಗಡಿಗೆ ಒಡೆದು, ಒಳಗಿದ್ದದ್ದನ್ನು ಎತ್ತಿಕೊಂಡು ಬಲಶಾಲಿಯಾಗಬೇಕಂತೆ. ಅದೇ ಪದ್ಧತಿ. ಕಾಕಾ ಬಾಗಿಲ ಹೊರಗೇ ನಿಂತರು. "ಮಂದಿ ಮನಿ ಗಡಿಗಿಗೆ ಕೈ ಹಾಕೂದಂದ್ರ ಏನು? ದುಡದು ತಿನ್ನೂ ಮಂದಿ ನಾವು." ದುಡಿಯಲು ಗೇಮಿನಲ್ಲಿ ಕೆಲಸವಿಲ್ಲ. ಹೀಗಾಗಿ ಜಗತ್ತೆಲ್ಲ ಕತ್ತಿ ಹಿಡಿದು ಆಡುವ ಗೇಮನ್ನು ಕಾಕಾ ಇವತ್ತಿಗೂ ಒಂದು ಕೋಲು ಹಿಡಿದು ಆಡುತ್ತಿದ್ದಾರೆ.

ಇನ್ನು ಕುದುರೆಯ ಕಥೆ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಒಂದು ಸೋಮವಾರ ಅಳಿಯ ಬಂದಾಗ ಟಿವಿಯಲ್ಲಿ ಕಾಕಾ ಆಡಿಸುವ ಮನುಷ್ಯ ಮುಂದೆ ನಡೆಯುತ್ತಿದ್ದ, ಕುದುರೆ ಹಿಂದಿನಿಂದ ಆರಾಮವಾಗಿ ಬರುತ್ತಿತ್ತು.

"ಮಾಮಾ, ಕುದುರಿ ಇದ್ರೂ ಯಾಕ ನಡಕೋಂತ ಹೊಂಟೀರಿ?"

"ಇವತ್ತ ಸೋಮವಾರ ಅಲ್ರಿ?"

"ಸೋಮವಾರ ಎತ್ತಿಗ್ರಿ, ಕುದುರಿಗೆ ಅಲ್ಲ!"

"ಅದನ್ನ ನೀವೇ ಹೋಗಿ ಅದಕ್ಕ ಹೇಳ್ರಿ," ಅಂದರು ಕಾಕಾ, ಗೇಮು ಆಡಿಸುವ ಹ್ಯಾಂಡಲನ್ನು ಅವನ ಮುಂದೆ ಹಿಡಿದು. ಅಳಿಯ ಚಹಾ ಕುಡಿದು ಇಳಕಲ್ಲಿಗೆ ಹೋದ.

ಗೇಮಿನ ಬಗ್ಗೆ ಓಣಿಯಲ್ಲಿ ಒಮ್ಮತವಿಲ್ಲ. ಪಕ್ಕದ ಮನೆಯ ನಿವೃತ್ತ ಮಾಸ್ತರರು ಒಂದು ತಾಸು ಕೂತು ನೋಡಿ, ಇದರಲ್ಲಿ ನೀತಿಯೂ ಇಲ್ಲ, ಕಥೆಯೂ ಇಲ್ಲ ಎಂದು ತೀರ್ಪು ಕೊಟ್ಟರು. ಮರುದಿನ ಬಂದು ಎರಡು ತಾಸು ಕೂತರು. ನನಗೆ ಅದರ ಗುಡ್ಡಗಳು ಇಷ್ಟ. ಆದರೆ ಒಂದೇ ಗುಡ್ಡವನ್ನು ವಾರಗಟ್ಟಲೆ ನೋಡಲು ನಾನೇನು ಮಹಾಕೂಟದ ದೇವರಿಗೆ ಹರಕೆ ಹೊತ್ತಿದ್ದೇನೆಯೇ? ಕಾಕು ಮೊದಮೊದಲು ಕಣ್ಣು ಮುಚ್ಚಿ ಮಲಗುತ್ತಿದ್ದರು. ಆಮೇಲೆ ಒಂದು ಕಣ್ಣು ತೆರೆದರು. ಒಂದು ದಿನ ಕಾಕಾ ದಾರಿ ತಪ್ಪಿದಾಗ ತಡೆಯಲಾಗದೆ, "ಎಡಕ್ಕ ಹಾದಿ ಐತಲ್ರಿ, ಕಾಣಂಗಿಲ್ಲೇನು?" ಅಂದೇಬಿಟ್ಟರು.

ಎಡಕ್ಕೆ ಹಾದಿಯಿತ್ತು, ಹಾದಿಯ ಕೊನೆಗೆ ಕಮರಿಯೂ ಇತ್ತು. ಕಾಕಾನ ಮನುಷ್ಯ ಬಿದ್ದ. "ಅಯ್ಯ ಶಿವನ!" ಎಂದು ಕಾಕು ಚೀರಿದರು. ಟಿವಿ ಕಪ್ಪಾಯಿತು. ಮತ್ತೆ ಬೆಳಕಾದಾಗ ಅವನು ಕೋಲು ಸಮೇತ ಮೇಲೆ ನಿಂತಿದ್ದ.

"ಎದ್ನಲ್ರಿ!"

"ಏಳದ ಏನ್ ಮಾಡ್ತಾನ?"

"ಅವನ ಸೊಂಟದಾಗ ರಾಡ್ ಇಲ್ಲ, ಏಳ್ತಾನ," ಅಂದರು ಕಾಕು.

ಮೊನ್ನೆ ಇಳಕಲ್ಲಿನಿಂದ ಅವರ ಮಗಳು ನನಗೆ ಫೋನು ಮಾಡಿ ಅತ್ತಳು. ಇನ್ನೊಂದು ತಿಂಗಳಲ್ಲಿ ಏಳದಿದ್ದರೆ ಆಮೇಲೆ ಕಾಲು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. "ಅವ್ವ ಹಾಸಿಗಿ ಹಿಡದಾಳ, ಅಪ್ಪ ಕುದುರಿ ಮೇಸಾಕತ್ತಾನ. ನೀನರ ಹೋಗಿ ಬೈದು ಬಾ ಅಕ್ಕಾ." ನನಗೂ ಸಿಟ್ಟು ಬಂತು. ಆಫೀಸಿಗೆ ಅರ್ಧ ದಿನ ರಜೆ ಹಾಕಿ, ವಿದ್ಯಾಗಿರಿಯಿಂದ ಆಟೋ ಹಿಡಿದು, ಬಯ್ಯಬೇಕಾದದ್ದನ್ನೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ.

ಬಾಗಿಲು ತೆರೆದೇ ಇತ್ತು. ಕಾಕು ನಿಂತಿದ್ದರು.

ಎರಡೂ ಕೈಯಲ್ಲಿ ವಾಕರ್, ಕಣ್ಣು ಟಿವಿಯ ಮೇಲೆ. ಪಕ್ಕದಲ್ಲಿ ಕಾಕಾ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈ ಕಾಕುವಿನ ಬೆನ್ನ ಹಿಂದೆ, ಮುಟ್ಟಿಯೂ ಮುಟ್ಟದಂತೆ. ಟಿವಿಯೊಳಗಿನ ಮನುಷ್ಯ ಒಂದು ಹೆಜ್ಜೆ ಇಟ್ಟು ನಿಂತ. ಕಾಕು ಒಂದು ಹೆಜ್ಜೆ ಇಟ್ಟು ನಿಂತರು.

"ಸಾಕ್ರಿ. ಅವನ್ನ ಮುಂದ ಕಳಸ್ರಿ, ನಂದು ಆಗೂದಿಲ್ಲ."

"ನೀ ಬಂದ್ರ ಬರ್ತಾನ. ಇಲ್ಲಂದ್ರ ಇಲ್ಲೇ ನಿಂದರ್ತಾನ. ಅವಗೇನ ಗಡಿಬಿಡಿ ಇಲ್ಲ."

"ಮುಂದೇನೈತಿ?"

"ಹೊಳಿ ಐತಿ."

ಕಾಕು ತುಟಿ ಕಚ್ಚಿ ಇನ್ನೊಂದು ಹೆಜ್ಜೆ ಎತ್ತಿಟ್ಟರು. ಕಾಕಾನ ಕಣ್ಣು ಟಿವಿ ಬಿಟ್ಟು ಕಾಕುವಿನ ಪಾದದ ಮೇಲಿತ್ತು. ಟಿವಿಯೊಳಗಿನ ಮನುಷ್ಯನೂ ನಿಂತಲ್ಲೇ ಅತ್ತಿತ್ತ ತಡವರಿಸುತ್ತಿದ್ದ. ಇದು ಮೊದಲ ದಿನವಲ್ಲ ಎಂಬುದು ಗೊತ್ತಾಗುತ್ತಿತ್ತು. ಯಾರಿಗೂ ಹೇಳದೆ, ಯಾರಿಂದ ಏನು ಅನ್ನಿಸಿಕೊಂಡರೂ ಸುಮ್ಮನಿದ್ದು, ಕಾಕಾ ಕಾಕುವಿನ ಒಂದೊಂದು ಹೆಜ್ಜೆಗೂ ಕಾದಿದ್ದರು. ನನಗೆ ನಾಚಿಕೆಯಾಯಿತು, ಅಳುವೂ ಬಂತು.

"ಬಾಗಲಾಗ ಯಾರ ಬಂದ್ರು?" ಕಾಕು ತಿರುಗದೆ ಕೇಳಿದರು.

ಕಾಕಾ ನನ್ನನ್ನು ನೋಡಿದರು. "ಯಾರೂ ಇಲ್ಲ. ನೀ ಮುಂದ ನೋಡು."

ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಸಪ್ಪಳ ಮಾಡದೆ ಹಿಂದೆ ಸರಿದು ಕಟ್ಟೆಯ ಮೇಲೆ ಕೂತೆ. ಅವರಿಬ್ಬರೂ ಹೊಳೆ ಮುಟ್ಟುವವರೆಗೆ ಒಳಗೆ ಹೋಗಲಿಲ್ಲ.